ಬಣ್ಣ ಬಂದರೆ ಸಾಲದು, ನಿಲ್ಲಬೇಕು

ಶಾಲೆಯ ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡು ಬಂದ ಮಗನಿಗೆ ಅಮ್ಮನಿಂದ ಮೊದಲು ಸಿಗುವುದು ಬೈಗುಳ. ಅಂಗಿಗೆ ಸಿಗುವುದು ಸೋಪು. ಹಳದಿ ಕಲೆಯ ಮೇಲೆ ಸೋಪು ಉಜ್ಜಿದ ಕೂಡಲೇ ಅದು ಕೆಂಪಗಾಗುತ್ತದೆ. ನೀರಿನಲ್ಲಿ ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿ. ಎಷ್ಟು ತಿಕ್ಕಿದರೂ ಹೋಗದ ಆ ಹಟಮಾರಿ ಕಲೆ, ಅಂಗಿಯನ್ನು ಎರಡು ದಿನ ಸುಡುಬಿಸಿಲಿಗೆ ಹರವಿದರೆ ಯಾರೂ ಮುಟ್ಟದೆಯೇ ಮಾಯವಾಗುತ್ತದೆ.

ಎಲ್ಲ ಮನೆಗಳಲ್ಲೂ ನಡೆಯುವ ಈ ಸಣ್ಣ ಪ್ರಸಂಗದಲ್ಲಿ ಒಂದು ದೊಡ್ಡ ಪಾಠ ಅಡಗಿದೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವುದು ಕರ್ಕ್ಯುಮಿನ್ ಎಂಬ ವಸ್ತು. ಸೋಪಿನಂಥ ಪ್ರತ್ಯಾಮ್ಲ ಸೋಕಿದರೆ ಅದು ಕೆಂಪಾಗುತ್ತದೆ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಅಜ್ಜಿ ಓಕುಳಿ ಮಾಡುವುದು ಇದೇ ಗುಣದಿಂದ. ಆದರೆ ಬಿಸಿಲಿಗೆ ಮಾತ್ರ ಕರ್ಕ್ಯುಮಿನ್ ತಡೆಯಲಾರದು. ಬೆಳಕು ಬಿದ್ದಂತೆ ಅದು ಒಡೆದುಹೋಗುತ್ತದೆ. ಸೋಪಿಗೆ ಜಗ್ಗದ ಬಣ್ಣ ಬಿಸಿಲಿಗೆ ಸೋಲುತ್ತದೆ. ಅಂದಮೇಲೆ ಒಂದು ಬಣ್ಣ 'ಗಟ್ಟಿ' ಎಂದು ಹೇಳುವ ಮುನ್ನ, ಯಾವುದಕ್ಕೆ ಗಟ್ಟಿ ಎಂದು ಕೇಳಬೇಕಾಗುತ್ತದೆ.

ಗಿಡಮರಗಳ ಬಣ್ಣದಿಂದ ಉಣ್ಣೆ ಅದ್ದುವುದು ಈ ಪ್ರಶ್ನೆಯನ್ನು ಮನೆಯಲ್ಲೇ ಪರೀಕ್ಷಿಸಲು ಒಳ್ಳೆಯ ದಾರಿ. ಬೇಕಾಗುವ ಸಾಮಾನು ಬಹುಪಾಲು ಅಡುಗೆಮನೆಯದು. ಬೇಕಾಗುವ ಕಾಲ ಮಾತ್ರ ಮೂರು ವಾರ. ರಜೆಯಲ್ಲಿ ಮಕ್ಕಳಿಗೆ ಏನು ಕೆಲಸ ಕೊಡುವುದೆಂದು ತಲೆ ಕೆರೆದುಕೊಳ್ಳುವ ತಂದೆ ತಾಯಿಗಳು ಇದನ್ನು ಓದಬಹುದು.

ಉಣ್ಣೆಯೇ ಏಕೆ?

ಹತ್ತಿಯ ನೂಲು ಇರುವಾಗ ಉಣ್ಣೆ ಹುಡುಕುವುದೇಕೆ? ಉತ್ತರ ಮದರಂಗಿ ಹಚ್ಚಿಕೊಂಡ ಕೈಯಲ್ಲಿದೆ. ಅಂಗೈಯ ಬಣ್ಣ ಒಂದೆರಡು ವಾರದಲ್ಲಿ ಮಾಸುತ್ತದೆ. ಉಗುರಿನ ಬಣ್ಣ ಉಗುರು ಬೆಳೆದು ಕತ್ತರಿಸುವ ತನಕ ಹೋಗುವುದಿಲ್ಲ. ತಲೆಗೂದಲಿಗೆ ಹಚ್ಚಿದರೂ ಹಾಗೆಯೇ. ಉಗುರು, ಕೂದಲು ಎರಡೂ ಕೆರಟಿನ್ ಎಂಬ ಪ್ರೋಟೀನಿನಿಂದ ಆದವು. ಕುರಿಯ ಉಣ್ಣೆಯೂ ಅದೇ ಕೆರಟಿನ್. ಮದರಂಗಿಯಲ್ಲಿರುವ ಲಾಸೋನ್ ಎಂಬ ಬಣ್ಣದ ವಸ್ತು ಈ ಪ್ರೋಟೀನನ್ನು ನೇರವಾಗಿ ಹಿಡಿದುಕೊಳ್ಳುತ್ತದೆ.

ಪ್ರೋಟೀನು ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಅದರ ಉದ್ದಕ್ಕೂ ಆಮ್ಲದ ಗುಣದ ಗುಂಪುಗಳೂ ಪ್ರತ್ಯಾಮ್ಲದ ಗುಣದ ಗುಂಪುಗಳೂ ಇರುತ್ತವೆ. ಬಣ್ಣದ ಅಣುಗಳಿಗೆ ಇವು ಗೋಡೆಗೆ ಹೊಡೆದ ಗೂಟಗಳಿದ್ದಂತೆ. ನೇತುಹಾಕಿಕೊಳ್ಳಲು ಜಾಗ ಸಿಗುತ್ತದೆ. ಹತ್ತಿಯಾದರೋ ಸೆಲ್ಯುಲೋಸ್. ಅದರಲ್ಲಿ ಇಂಥ ಗೂಟಗಳು ಇಲ್ಲ. ಹಾಗಾಗಿ ಹತ್ತಿಗೆ ಬಣ್ಣ ಹಿಡಿಸುವುದು ಹೆಚ್ಚು ಕಷ್ಟದ ಕೆಲಸ.

ಉಣ್ಣೆ ಎಂದರೆ ಕನ್ನಡಿಗರಿಗೆ ನೆನಪಾಗುವುದು ಚಳ್ಳಕೆರೆ ಕಡೆಯ ಕರಿ ಕಂಬಳಿ. ಆ ಕಪ್ಪು ಯಾರೂ ಹಾಕಿದ ಬಣ್ಣವಲ್ಲ. ದಖ್ಖನಿ ಕುರಿಯ ಮೈಯಲ್ಲೇ ಬೆಳೆದದ್ದು. ಬಣ್ಣದ ಕಣಗಳು ಎಳೆಯ ಒಳಗೇ ಇರುವುದರಿಂದ ಎಷ್ಟು ಒಗೆದರೂ ಬಿಡುವುದಿಲ್ಲ. ನೇಕಾರರು ಹುಣಸೆ ಬೀಜದ ಗಂಜಿ ಹಾಕುತ್ತಾರೆ, ಅದು ನೂಲಿಗೆ ಬಿರುಸು ಬರಲಿ ಎಂದು; ಬಣ್ಣಕ್ಕಲ್ಲ. ಬಣ್ಣ ಅದ್ದಲು ಬಿಳಿ ಉಣ್ಣೆಯೇ ಬೇಕು.

ಇಲ್ಲೊಂದು ಎಚ್ಚರ. ಅಂಗಡಿಯಲ್ಲಿ ಹೆಣಿಗೆಗೆ 'ಉಲ್ಲನ್' ಎಂದು ಕೊಡುವ ಉಂಡೆಗಳಲ್ಲಿ ಎಷ್ಟೋ ಅಕ್ರಿಲಿಕ್, ಅಂದರೆ ಕೃತಕ ಎಳೆ. ಅದಕ್ಕೆ ಈರುಳ್ಳಿ ಸಿಪ್ಪೆಯೂ ಹತ್ತದು, ಮದರಂಗಿಯೂ ಹತ್ತದು. ಪರೀಕ್ಷೆ ಸುಲಭ. ಬೆರಳುದ್ದದ ಎಳೆಯನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಬೇಕು. ಇದನ್ನು ದೊಡ್ಡವರೇ ಮಾಡಲಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾದರೆ ಅದು ಉಣ್ಣೆ. ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾದರೆ ಅಕ್ರಿಲಿಕ್.

ನಡುವಿನ ಬೆಸುಗೆ

ಮದರಂಗಿಯಂತೆ ನೇರವಾಗಿ ಹಿಡಿಯುವ ಬಣ್ಣಗಳು ಕಡಿಮೆ. ಬಹುಪಾಲು ಸಸ್ಯದ ಬಣ್ಣಗಳಿಗೆ ನಡುವೆ ಒಬ್ಬ ಸಹಾಯಕ ಬೇಕು. ಬಣ್ಣಗಾರರು ಅದನ್ನು ಮಾರ್ಡಂಟ್ ಎನ್ನುತ್ತಾರೆ. 'ಕಚ್ಚುವುದು' ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದ ಹೆಸರು ಅದು. ಅತ್ಯಂತ ಸುಲಭವಾಗಿ ಸಿಗುವ ಮಾರ್ಡಂಟ್ ಪಟಿಕ: ಕ್ಷೌರದಂಗಡಿಯಲ್ಲಿ ಗೀರು ಗಾಯಕ್ಕೆ ಉಜ್ಜುವ, ಕೆಸರು ನೀರನ್ನು ತಿಳಿಯಾಗಿಸಲು ಬಳಸುವ ಅದೇ ಬಿಳಿ ಕಲ್ಲು. ಅದರಲ್ಲಿರುವ ಅಲ್ಯುಮಿನಿಯಂ ಒಂದು ಕೈಯಲ್ಲಿ ಉಣ್ಣೆಯನ್ನೂ ಇನ್ನೊಂದು ಕೈಯಲ್ಲಿ ಬಣ್ಣದ ಅಣುವನ್ನೂ ಹಿಡಿದು ಬೆಸೆಯುತ್ತದೆ.

ಈ ವಿದ್ಯೆ ಹಳೆಯದು. ಮೊಹೆಂಜೊದಾರೋ ಉತ್ಖನನದಲ್ಲಿ ಸಿಕ್ಕಿದ ಹತ್ತಿ ಬಟ್ಟೆಯ ತುಣುಕಿಗೆ ಮಂಜಿಷ್ಠದ ಜಾತಿಯ ಕೆಂಪು ಬಣ್ಣವಿತ್ತು. ಮಾರ್ಡಂಟ್ ಇಲ್ಲದೆ ಆ ಕೆಂಪು ಹತ್ತಿಗೆ ಗಟ್ಟಿಯಾಗಿ ಹತ್ತುವಂಥದ್ದಲ್ಲ. ಅಂದರೆ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಯಾರೋ ಈ 'ಕಚ್ಚಿಸುವ' ಗುಟ್ಟನ್ನು ಕಂಡುಕೊಂಡಿದ್ದರು.

ಎರಡನೆಯ ಮಾರ್ಡಂಟ್ ಕಬ್ಬಿಣ. ಅದರ ಕೆಲಸವನ್ನೂ ಅಡುಗೆಮನೆಯಲ್ಲಿ ನೋಡಬಹುದು. ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಅಲಗೂ ಬೆರಳೂ ಕಪ್ಪಾಗುತ್ತವೆ. ಕಾಯಿಯಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು ಕಬ್ಬಿಣದೊಡನೆ ಸೇರಿದ್ದೇ ಕಾರಣ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದರಿಂದಲೇ. ಪಟಿಕ ಬಣ್ಣವನ್ನು ಬೆಳಗಿಸಿದರೆ ಕಬ್ಬಿಣ ಅದನ್ನು ಮಂಕಾಗಿಸಿ ಗಾಢ ಮಾಡುತ್ತದೆ.

ಐದು ಲಡಿ, ಐದು ಪ್ರಶ್ನೆ

ಬಿಳಿ ಉಣ್ಣೆಯ ನೂಲು 50 ಗ್ರಾಂ ತೆಗೆದುಕೊಳ್ಳಿ. 10 ಗ್ರಾಂನಂತೆ ಐದು ಲಡಿ ಮಾಡಿ, ಸಿಕ್ಕಾಗದಂತೆ ಮೂರು ನಾಲ್ಕು ಕಡೆ ಸಡಿಲವಾಗಿ ದಾರ ಕಟ್ಟಿ. ಗುರುತಿಗೆ ಕಾಗದದ ಚೀಟಿ ನಿಲ್ಲುವುದಿಲ್ಲ. ಮೊದಲ ಲಡಿಯ ದಾರಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ಐದರ ತನಕ ಹಾಕಿ. ಉಣ್ಣೆಗೆ ಅಂಟಿದ ಜಿಡ್ಡು ಹೋಗುವಂತೆ ಬೆಚ್ಚನೆಯ ನೀರಿನಲ್ಲಿ ಮೃದುವಾದ ಸೋಪಿನಿಂದ ತೊಳೆದು ಜಾಲಿಸಿ. ಹಿಂಡಬೇಡಿ, ತಿಕ್ಕಬೇಡಿ. ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದಂತೆ ಸೂಕ್ಷ್ಮ ಹುರುಪೆಗಳಿವೆ; ಬಿಸಿಯಿಂದ ಥಟ್ಟನೆ ತಣ್ಣೀರಿಗೆ ಹಾಕಿ ತಿಕ್ಕಿದರೆ ಅವು ಒಂದರೊಳಗೊಂದು ಸಿಕ್ಕಿಕೊಂಡು ನೂಲು ಗಟ್ಟಿ ಮುದ್ದೆಯಾಗುತ್ತದೆ.

ಎರಡು, ಮೂರು, ನಾಲ್ಕು ಗಂಟಿನ ಲಡಿಗಳಿಗೆ ಪಟಿಕ ಕೊಡಬೇಕು. ಉಣ್ಣೆಯ ತೂಕದ ಎಂಟನೇ ಒಂದು ಭಾಗ ಪಟಿಕ ಎಂಬುದು ಲೆಕ್ಕ. 30 ಗ್ರಾಂ ಉಣ್ಣೆಗೆ ಸುಮಾರು 4 ಗ್ರಾಂ. ಒಂದೂವರೆ ಲೀಟರು ನೀರಿನಲ್ಲಿ ಅದನ್ನು ಕರಗಿಸಿ, ನೆನೆದ ಲಡಿಗಳನ್ನು ಬಿಟ್ಟು, ಸಣ್ಣ ಉರಿಯಲ್ಲಿ ಒಂದು ಗಂಟೆ ಇಡಿ. ಕುದಿಯಬಾರದು, ತಳದಲ್ಲಿ ಸಣ್ಣ ಗುಳ್ಳೆ ಕಂಡರೆ ಉರಿ ತಗ್ಗಿಸಿ. ಪಾತ್ರೆಯಲ್ಲೇ ಆರಲು ಬಿಡಿ.

ಇನ್ನು ಬಣ್ಣ. ಒಣಗಿದ ಈರುಳ್ಳಿಯ ಹೊರಸಿಪ್ಪೆ 30 ಗ್ರಾಂ. ಸಿಪ್ಪೆ ಹಗುರ, ಮನೆಯಲ್ಲಿ ಕೂಡಿಡಲು ವಾರಗಳೇ ಬೇಕು, ತರಕಾರಿ ಅಂಗಡಿಯವರನ್ನು ಕೇಳಿದರೆ ಚೀಲವೇ ಸಿಕ್ಕೀತು. ಒಂದೂವರೆ ಲೀಟರು ನೀರಿನಲ್ಲಿ ಮುಕ್ಕಾಲು ಗಂಟೆ ಕುದಿಸಿ ಸೋಸಿ. ಆ ನೀರಿನ ಮೂರನೇ ಒಂದು ಭಾಗವನ್ನು ಬೇರೆ ಪಾತ್ರೆಗೆ ಹಾಕಿ ಅದರಲ್ಲಿ ಒಂದು ಗಂಟಿನ ಲಡಿ ಬಿಡಿ. ಉಳಿದದ್ದರಲ್ಲಿ ಎರಡು ಮತ್ತು ಮೂರು ಗಂಟಿನವು. ನಾಲ್ಕನೆಯದಕ್ಕೆ ಅರ್ಧ ಲೀಟರು ನೀರಿನಲ್ಲಿ ಎರಡು ಚಮಚ ಅರಿಶಿನದ ಪುಡಿ. ಐದನೆಯದಕ್ಕೆ ಅಷ್ಟೇ ನೀರಿನಲ್ಲಿ 10 ಗ್ರಾಂ ಮದರಂಗಿ ಸೊಪ್ಪಿನ ಪುಡಿ. ಪುಡಿಗಳನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿದರೆ ನೂಲಿಗೆ ಮೆತ್ತಿಕೊಳ್ಳುವುದಿಲ್ಲ. ಎಲ್ಲಕ್ಕೂ ಒಂದೇ ಕಾಲ: ಸಣ್ಣ ಉರಿಯಲ್ಲಿ ಒಂದು ಗಂಟೆ. ಮೂರು ಗಂಟಿನ ಲಡಿಗೆ ಮಾತ್ರ ಕೊನೆಯಲ್ಲಿ ಐದು ನಿಮಿಷ ಕಬ್ಬಿಣದ ನೀರಿನ ಸ್ನಾನ. ತುಕ್ಕು ಹಿಡಿದ ಮೊಳೆಗಳನ್ನು ವಿನಿಗರ್ ಬೆರೆಸಿದ ನೀರಿನಲ್ಲಿ ಒಂದು ವಾರ ಮೊದಲೇ ನೆನೆಹಾಕಿರಬೇಕು. ಬಾಟಲಿಯ ಮುಚ್ಚಳ ಬಿಗಿ ಮಾಡಬೇಡಿ. ಒಳಗೆ ಅನಿಲ ಹುಟ್ಟುತ್ತದೆ. ಆ ನೀರು ಅರ್ಧ ಲೀಟರಿಗೆ ಎರಡು ಮೂರು ಚಮಚ ಸಾಕು. ಹೆಚ್ಚಾದರೆ ಉಣ್ಣೆ ಒರಟಾಗುತ್ತದೆ.

ಲಡಿಗಳನ್ನು ನೆರಳಿನಲ್ಲಿ ಒಣಗಿಸಿ ಪಕ್ಕಪಕ್ಕ ಇಟ್ಟು ನೋಡಿ. ಒಂದಕ್ಕೂ ಎರಡಕ್ಕೂ ಇರುವ ವ್ಯತ್ಯಾಸ ಪಟಿಕದ್ದು, ಬೇರೆ ಯಾವುದರದ್ದೂ ಅಲ್ಲ. ಎರಡಕ್ಕೂ ಮೂರಕ್ಕೂ ಇರುವುದು ಕಬ್ಬಿಣದ್ದು: ಹೊಂಬಣ್ಣ ಹೋಗಿ ಪಾಚಿ ಕಂದು ಬಂದಿರುತ್ತದೆ. ಎರಡು ಮತ್ತು ನಾಲ್ಕರ ನಡುವೆ ಬದಲಾದದ್ದು ಬಣ್ಣದ ಮೂಲ. ಒಂದು ಮತ್ತು ಐದನ್ನು ಹೋಲಿಸಿದರೆ, ಸಹಾಯಕನಿಲ್ಲದೆ ಯಾವುದು ಹೇಗೆ ಹಿಡಿಯಿತೆಂದು ತಿಳಿಯುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಉಳಿದದ್ದನ್ನು ಹಾಗೇ ಇಡು ಎಂಬ ವಿಜ್ಞಾನದ ನಿಯಮ ಪಠ್ಯಪುಸ್ತಕದಲ್ಲಿ ಒಂದು ಸಾಲು. ಇಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ಬಿಸಿಲಿನ ಪರೀಕ್ಷೆ

ಐದರಲ್ಲಿ ಅತ್ಯಂತ ಚೆಂದವಾಗಿ ಕಾಣುವುದು ಬಹುಶಃ ನಾಲ್ಕನೆಯದು, ಅರಿಶಿನದ್ದು. ಪ್ರದರ್ಶನಕ್ಕೆ ಕೊಂಡೊಯ್ದರೆ ಎಲ್ಲರ ಕಣ್ಣು ಅದರ ಮೇಲೆಯೇ. ಬಹುಪಾಲು ಮಕ್ಕಳ ಪ್ರಯೋಗ ನಿಲ್ಲುವುದೂ ಇಲ್ಲಿಗೇ. ನಿಜವಾದ ಪ್ರಯೋಗ ಶುರುವಾಗಬೇಕಾದದ್ದು ಇಲ್ಲಿಂದ.

ಪ್ರತಿ ಲಡಿಯಿಂದ ಒಂದಿಷ್ಟು ನೂಲು ತೆಗೆದು ರಟ್ಟಿನ ಪಟ್ಟಿಗೆ ಸುತ್ತಿ. ಪಟ್ಟಿಯ ಅರ್ಧ ಭಾಗವನ್ನು ದಪ್ಪ ಕಪ್ಪು ಕಾಗದದಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ವಾರ ಇಡಿ. ಇಟ್ಟ ದಿನಾಂಕ ಬರೆಯಿರಿ. ಇನ್ನೊಂದಿಷ್ಟು ನೂಲನ್ನು ಬಿಳಿ ಹತ್ತಿ ದಾರದೊಡನೆ ಜಡೆ ಹೆಣೆದು ಬೆಚ್ಚನೆಯ ಸೋಪಿನ ನೀರಿನಲ್ಲಿ ಒಗೆಯಿರಿ. ಬಿಳಿ ದಾರಕ್ಕೆ ಬಣ್ಣ ಹತ್ತಿದರೆ ಆ ಬಣ್ಣ 'ಓಡುತ್ತದೆ' ಎಂದರ್ಥ.

ಇದು ಮಕ್ಕಳಾಟದ ಪರೀಕ್ಷೆಯಲ್ಲ. ಜಗತ್ತಿನ ಬಟ್ಟೆ ಉದ್ಯಮ ಬೆಳಕಿನ ಪರೀಕ್ಷೆಗೆ ಬಳಸುವ ಅಳತೆಗೋಲೇ ಉಣ್ಣೆಯದು. ನೀಲಿ ಬಣ್ಣ ಹಾಕಿದ ಎಂಟು ಉಣ್ಣೆ ಪಟ್ಟಿಗಳಿರುತ್ತವೆ. ಒಂದನೆಯದು ಬಲು ಬೇಗ ಮಾಸುತ್ತದೆ, ಎಂಟನೆಯದು ಎಲ್ಲಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಹೊಸ ಬಣ್ಣದ ಬಟ್ಟೆಯನ್ನು ಇವುಗಳ ಜೊತೆ ಬೆಳಕಿಗೆ ಒಡ್ಡಿ, ಅದು ಎಷ್ಟನೆಯದರ ಜೊತೆ ಮಾಸಿತು ಎಂದು ನೋಡಿ ಅಂಕ ಕೊಡುತ್ತಾರೆ.

ಎರಡು ವಾರದ ನಂತರ ಕಪ್ಪು ಕಾಗದ ತೆಗೆದಾಗ ಅರಿಶಿನದ ನೂಲಿನ ಅರ್ಧ ಭಾಗ ಪೇಲವವಾಗಿರುತ್ತದೆ. ಈರುಳ್ಳಿ ಸಿಪ್ಪೆಯದೂ ಅಮರವೇನಲ್ಲ, ಆದರೆ ಪಟಿಕದೊಡನೆ ಸೇರಿದ್ದು ಅರಿಶಿನಕ್ಕಿಂತ ಬಹಳ ಚೆನ್ನಾಗಿ ಉಳಿದಿರುತ್ತದೆ. ಬೀಟ್‌ರೂಟ್ ಅಥವಾ ಬಸಳೆ ಹಣ್ಣಿನ ಕಡುಗೆಂಪು ನೋಡಿ ಆಸೆಪಟ್ಟು ಅದನ್ನೂ ಅದ್ದಿದವರಿಗೆ ಇನ್ನೂ ನಿರಾಸೆ ಕಾದಿರುತ್ತದೆ. ಕೈಗೆ ಬಟ್ಟೆಗೆ ಅಷ್ಟು ರಂಗು ಹಚ್ಚುವ ಆ ರಸ ಉಣ್ಣೆಯಲ್ಲಿ ನಿಲ್ಲುವುದಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿಯ ಕೆಂಪು ತರುವ ಯೋಚನೆಯೂ ಬೇಡ. ಸುಣ್ಣ, ವಾಷಿಂಗ್ ಸೋಡಾದಂಥ ಪ್ರತ್ಯಾಮ್ಲಗಳು ಉಣ್ಣೆಯ ಪ್ರೋಟೀನನ್ನೇ ಕೆಡಿಸುತ್ತವೆ.

ರಜೆಯಲ್ಲಿ ಒಬ್ಬ ಹುಡುಗ

ಮನೆಯಲ್ಲೇ ಪ್ರಯೋಗ ಮಾಡಿ, ಬಣ್ಣ ಕಂಡು, ಅಲ್ಲಿಗೇ ನಿಲ್ಲದ ಹುಡುಗನೊಬ್ಬನ ಕಥೆ ಇಲ್ಲಿ ನೆನೆಯಬೇಕು. 1856ರ ಈಸ್ಟರ್ ರಜೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಯ ವಿದ್ಯಾರ್ಥಿ ವಿಲಿಯಂ ಪರ್ಕಿನ್‌ಗೆ ಆಗ 18 ವರ್ಷ. ಮಲೇರಿಯಾಕ್ಕೆ ಔಷಧಿಯಾದ ಕ್ವಿನೈನನ್ನು ಕೃತಕವಾಗಿ ತಯಾರಿಸಬೇಕೆಂದು ಮನೆಯ ಪುಟ್ಟ ಪ್ರಯೋಗಶಾಲೆಯಲ್ಲಿ ಹೆಣಗುತ್ತಿದ್ದ. ಸಿಕ್ಕಿದ್ದು ಕ್ವಿನೈನ್ ಅಲ್ಲ, ಕಪ್ಪು ಕಸ. ಪಾತ್ರೆ ತೊಳೆಯಲು ಆಲ್ಕೊಹಾಲ್ ಹಾಕಿದಾಗ ಅದು ಸೊಗಸಾದ ನೇರಳೆ ಬಣ್ಣಕ್ಕೆ ತಿರುಗಿತು.

ಬೇರೆ ಯಾರಾದರೂ ಆಗಿದ್ದರೆ ಪಾತ್ರೆ ತೊಳೆದಿಡುತ್ತಿದ್ದರು. ಪರ್ಕಿನ್ ಅದರಲ್ಲಿ ರೇಷ್ಮೆಯ ತುಣುಕು ಅದ್ದಿದ. ಅದು ಬೆಳಕಿಗೆ ಮಾಸುತ್ತದೆಯೇ ಎಂದು ನೋಡಿದ. ಬಣ್ಣ ನಿಂತಿತು. ಆಮೇಲೆ ಸ್ಕಾಟ್ಲೆಂಡಿನ ಪರ್ತ್‌ನಲ್ಲಿದ್ದ ಪುಲ್ಲರ್ಸ್ ಎಂಬ ಬಣ್ಣಗಾರರಿಗೆ ಮಾದರಿ ಕಳಿಸಿ ಅಭಿಪ್ರಾಯ ಕೇಳಿದ. ಅದೇ ವರ್ಷದ ಆಗಸ್ಟಿನಲ್ಲಿ ಪೇಟೆಂಟ್ ಪಡೆದ. ಕಲ್ಲಿದ್ದಲಿನ ಟಾರಿನಿಂದ ಬರುವ ಅನಿಲೀನಿನಿಂದ ಹುಟ್ಟಿದ ಆ ಬಣ್ಣ ಮುಂದೆ 'ಮಾವ್' ಎಂದು ಹೆಸರಾಯಿತು. ರೇಷ್ಮೆಗೂ ಉಣ್ಣೆಗೂ ಸಲೀಸಾಗಿ ಹಿಡಿದ ಆ ಬಣ್ಣ ಹತ್ತಿಗೆ ಹಿಡಿಯಲಿಲ್ಲ. ಹತ್ತಿಗೆ ಟ್ಯಾನಿನ್ ಬಳಸಿ ಅದನ್ನು ಹಿಡಿಸುವ ವಿಧಾನವನ್ನು ಹುಡುಕಬೇಕಾಯಿತು. ಬಾಳೆಕಾಯಿಯ ಒಗರು ಇಲ್ಲೂ ಬಂತು ನೋಡಿ.

ಪರ್ಕಿನ್‌ನ ತಂದೆ ಕಟ್ಟಡ ಕಟ್ಟಿಸುವ ಕಸುಬಿನವರು. ಮಗ ವಾಸ್ತುಶಿಲ್ಪಿಯಾಗಲಿ ಎಂಬುದು ಅವರ ಆಸೆಯಾಗಿತ್ತು. ಮಗ ರಸಾಯನವಿಜ್ಞಾನ ಬಿಡಲೊಲ್ಲ ಎಂದಾಗ ಒಪ್ಪಿದರು. ಮಗ ಕಾಲೇಜು ಬಿಟ್ಟು ಬಣ್ಣದ ಕಾರ್ಖಾನೆ ತೆರೆಯುತ್ತೇನೆಂದಾಗ ತಮ್ಮ ಉಳಿತಾಯದ ಬಹುಭಾಗವನ್ನು ಅದಕ್ಕೇ ಹಾಕಿದರು. ಮಗನ ಸೋಲನ್ನು ಕಸವೆಂದು ಎಸೆಯದ ತಂದೆ ಅವರು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಪರ್ಕಿನ್ ತೆರೆದ ಹಾದಿಯಲ್ಲಿ ಮಂಜಿಷ್ಠದ ಜಾತಿಯ ಗಿಡಗಳ ಕೆಂಪು ಬಣ್ಣದ ವಸ್ತು ಅಲಿಜರಿನ್ ಕಾರ್ಖಾನೆಯಲ್ಲಿ ತಯಾರಾಯಿತು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಗಿಡದ ನೀಲಿಯ ಬೆಲೆ ಕುಸಿದಾಗ ಬಿಹಾರದ ತೋಟದ ಒಡೆಯರು ತಮ್ಮ ನಷ್ಟವನ್ನು ರೈತರ ತಲೆಗೆ ಕಟ್ಟಿದರು. 1917ರಲ್ಲಿ ಗಾಂಧೀಜಿ ಚಂಪಾರಣ್‌ಗೆ ಹೋದದ್ದು ಆ ರೈತರ ಗೋಳು ಕೇಳಿ. ಹಾಗೆಂದು ಗಿಡದ ನೀಲಿಯ ಕಾಲ ಸುಖದ ಕಾಲವೇನೂ ಆಗಿರಲಿಲ್ಲ. ತಮ್ಮ ಭೂಮಿಯ ಇಪ್ಪತ್ತರಲ್ಲಿ ಮೂರು ಪಾಲಿನಲ್ಲಿ ಬಲವಂತವಾಗಿ ನೀಲಿ ಬೆಳೆಯಬೇಕಾಗಿದ್ದ ರೈತರಿಗೆ ಆ ಬಣ್ಣ ಬೇಡಿಯೇ ಆಗಿತ್ತು. ಗಿಡದ ನೀಲಿ, ಕಾರ್ಖಾನೆಯ ನೀಲಿ ಎರಡರಲ್ಲೂ ಬಣ್ಣ ಕೊಡುವ ಅಣು ಒಂದೇ. 'ನೈಸರ್ಗಿಕ' ಎಂದ ಮಾತ್ರಕ್ಕೆ ಒಳ್ಳೆಯದು, 'ರಾಸಾಯನಿಕ' ಎಂದ ಮಾತ್ರಕ್ಕೆ ಕೆಟ್ಟದ್ದು ಎಂದು ತೀರ್ಪು ಕೊಡುವ ಮುನ್ನ ಇದನ್ನು ನೆನಪಿಡಬೇಕು. ಪಟ್ಟಿಯ ಮೇಲಿನ ಹೆಸರಿಗಿಂತ ಪರೀಕ್ಷೆಯ ಫಲ ದೊಡ್ಡದು.

ಅದೇ ಕಾರಣಕ್ಕೆ ಎಚ್ಚರಿಕೆಯೂ ಬೇಕು. ಬಣ್ಣಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬಾರದು. ಸ್ಟೀಲಿನ ಅಥವಾ ಎನಾಮೆಲ್ ಪಾತ್ರೆ ಒಳ್ಳೆಯದು; ಕಬ್ಬಿಣ, ಅಲ್ಯುಮಿನಿಯಂ ಪಾತ್ರೆಗಳು ತಾವೇ ಬಣ್ಣದಲ್ಲಿ ಕೈಯಾಡಿಸುತ್ತವೆ. ಕಿಟಕಿ ತೆರೆದಿರಲಿ, ಒಲೆಯ ಬಳಿ ದೊಡ್ಡವರಿರಲಿ. ಪುಸ್ತಕಗಳಲ್ಲಿ ಮೈಲುತುತ್ತ, ಕ್ರೋಮಿಯಂ ಲವಣಗಳ ಮಾರ್ಡಂಟ್ ಕಂಡೀತು. ಅವು ವಿಷ, ಮನೆಯೊಳಗೆ ಬೇಡ. ಉಳಿದ ನೀರನ್ನು ತಿಳಿ ಮಾಡಿ ಬಾವಿಯಿಂದ ದೂರ ಚೆಲ್ಲಿ.

ಕೊನೆಯ ಮಾತು ತಂದೆ ತಾಯಿಗಳಿಗೆ. ವಿಜ್ಞಾನ ಪ್ರದರ್ಶನದ ಹಿಂದಿನ ರಾತ್ರಿ ಅಪ್ಪ ಥರ್ಮೊಕೋಲ್ ಕತ್ತರಿಸುತ್ತಾ, ಅಮ್ಮ ಅಂಟಿಸುತ್ತಾ, ಮಗು ನಿದ್ದೆ ಮಾಡುತ್ತಾ ಇರುವ ಮನೆಗಳು ಕಡಿಮೆಯಿಲ್ಲ. ಅಂಥ ಮಾದರಿಗೆ ಬಹುಮಾನವೂ ಬಂದೀತು. ಆದರೆ ತಾನೇ ಅದ್ದಿದ ಐದು ಲಡಿಗಳನ್ನೂ ಮಾಸಿದ ಪಟ್ಟಿಗಳನ್ನೂ ಮೇಜಿನ ಮೇಲಿಟ್ಟು, 'ಇದು ಯಾಕೆ ಹೀಗಾಯಿತು?' ಎಂದು ಕೇಳಿದವರಿಗೆ ದಿನಾಂಕ ತೋರಿಸಿ ಉತ್ತರ ಹೇಳುವ ಮಗುವಿಗೆ ಸಿಗುವ ಧೈರ್ಯ ಬೇರೆ. ಮಗು ಕಿಟಕಿಯಿಂದ ತಂದು ತೋರಿಸುವ ಪಟ್ಟಿಯಲ್ಲಿ ಅರಿಶಿನದ ನೂಲು ಅರ್ಧ ಬಿಳಿಚಿಕೊಂಡಿದ್ದರೆ, 'ಕೆಟ್ಟುಹೋಯಿತಲ್ಲ' ಎನ್ನಬೇಡಿ. ಅದನ್ನು ನೋಟ್‌ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ಎಷ್ಟು ದಿನವಾಯಿತೆಂದು ಬರೆಯಲು ಹೇಳಿ.